ತಾನಾಗಿ ಹೊರಟ ಬಂಡಿ

ಘಟ್ಟದ ರಸ್ತೆಗಳಲ್ಲಿ ಪ್ರಯಾಣ ಮಾಡಿದ ಹಿರಿಯರಿಗೆ ಒಂದು ದೃಶ್ಯ ನೆನಪಿರಬಹುದು. ಭಾರ ಹೊತ್ತ ಲಾರಿಯೊಂದು ಏರಿನ ನಡುವೆ ಏದುಸಿರು ಬಿಡುತ್ತ ನಿಂತಿತೆಂದರೆ, ಅದು ಪೂರ್ತಿಯಾಗಿ ನಿಲ್ಲುವ ಮೊದಲೇ ಎಡಬದಿಯ ಬಾಗಿಲಿನಿಂದ ಹುಡುಗನೊಬ್ಬ ಧುಮುಕುತ್ತಿದ್ದ. ಅವನ ಕೈಯಲ್ಲಿ ಮೂರು ಮೂಲೆಯ ಒಂದು ಮರದ ತುಂಡು. ಅದನ್ನು ಹಿಂದಿನ ಚಕ್ರದ ಬುಡಕ್ಕೆ ಒಡ್ಡಿ, ಚಕ್ರ ಅದರ ಮೇಲೆ ಒರಗಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆಯೇ ಆತ 'ರೈಟ್' ಎಂದು ಕೂಗುತ್ತಿದ್ದುದು. ಆ ಕೂಗು ಕೇಳುವವರೆಗೆ ಡ್ರೈವರು ಬ್ರೇಕಿನ ಮೇಲಿನ ಕಾಲನ್ನು ತೆಗೆಯುತ್ತಿರಲಿಲ್ಲ. ಲಾರಿಗೆ ಬ್ರೇಕು ಇರಲಿಲ್ಲವೆಂದಲ್ಲ, ಕೈಬ್ರೇಕೂ ಇತ್ತು. ಆದರೆ ಕಣ್ಣಿಗೆ ಕಾಣುವ ಒಂದು ಮರದ ತುಂಡಿನ ಮೇಲೆ ಅವರಿಬ್ಬರಿಗೂ ಇದ್ದ ನಂಬಿಕೆ ಕಣ್ಣಿಗೆ ಕಾಣದ ಯಂತ್ರಭಾಗಗಳ ಮೇಲೆ ಇರಲಿಲ್ಲ.

ಯಂತ್ರಗಳ ವಿಷಯವಾಗಿ ನಾನು ಮಾತನಾಡಲು ಹೊರಟಿರುವುದು ಕೆಲವು ಶ್ರೋತೃಗಳಿಗೆ ವಿಚಿತ್ರವಾಗಿ ತೋರಬಹುದು. ಜೀವಮಾನವೆಲ್ಲ ಹುಡುಗರಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟವನಿಗೆ ಗೇರುಪೆಟ್ಟಿಗೆಯ ಒಳಗುಟ್ಟು ತಿಳಿಯಬೇಕಾದ ಕಾರಣವಿಲ್ಲ. ನನ್ನನ್ನು ಈ ದಾರಿಗೆ ಎಳೆದದ್ದು ನನ್ನ ಎಡ ಮೊಣಕಾಲು. ಅದು ಮುಷ್ಕರ ಹೂಡಿದ ಮೇಲೆ ಕ್ಲಚ್ಚನ್ನು ಒತ್ತುವುದು ಅಸಾಧ್ಯವಾಯಿತು. ಮನೆಯವರೆಲ್ಲ ಸೇರಿ ಕ್ಲಚ್ಚಿಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ಸಣ್ಣ ಕಾರೊಂದನ್ನು ಕೊಡಿಸಿದರು. ಆ ಕಾರಿನಿಂದ ನನಗೊದಗಿದ ಅನುಭವವನ್ನು ಆಮೇಲೆ ಹೇಳುತ್ತೇನೆ. ಅದು ಸಣ್ಣದು, ಮನೆಯ ಮಟ್ಟದ್ದು. ಆದರೆ ಅದರ ಕಾರಣವಾಗಿ ನಾನು ಓದಿ ತಿಳಿದುಕೊಂಡ ಸಂಗತಿಗಳು ದೊಡ್ಡವು. ಅವುಗಳಲ್ಲಿ ಕೆಲವನ್ನಾದರೂ ನಿಮ್ಮ ಮುಂದಿಡಬೇಕೆಂಬುದು ನನ್ನ ಆಸೆ.

ಸ್ವಯಂಚಾಲಿತ ಗೇರು ಹೊಸದೇನೂ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಓಲ್ಡ್ಸ್‌ಮೊಬೈಲ್ ಕಾರಿನ 1940ರ ಮಾದರಿಯಲ್ಲಿ 'ಹೈಡ್ರಾಮ್ಯಾಟಿಕ್' ಎಂಬ ಹೆಸರಿನಿಂದ ಅದನ್ನು ಮಾರುಕಟ್ಟೆಗೆ ತಂದಿತು. ಇಂಜಿನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಚಕ್ರಗಳಿಗೆ ಸಾಗಿಸುವುದು ಅದರ ತತ್ತ್ವ. ಎದುರುಬದುರಾಗಿ ಇಟ್ಟ ಎರಡು ಬೀಸಣಿಗೆಗಳನ್ನು ಊಹಿಸಿಕೊಳ್ಳಿ. ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದು ತಾನಾಗಿ ತಿರುಗುತ್ತದಷ್ಟೆ. ಗಾಳಿಯ ಬದಲು ಎಣ್ಣೆ ಎಂದುಕೊಂಡರೆ ಮುಗಿಯಿತು. ಎರಡರ ನಡುವೆ ಗಟ್ಟಿಯಾದ ಬೆಸುಗೆ ಇಲ್ಲದಿರುವುದರಿಂದಲೇ ಬ್ರೇಕು ಒತ್ತಿ ನಿಂತಾಗ ಇಂಜಿನು ಆರಿಹೋಗುವುದಿಲ್ಲ. ಬ್ರೇಕು ಬಿಟ್ಟೊಡನೆ ಕಾರು ಮೆಲ್ಲನೆ ತೆವಳತೊಡಗುತ್ತದೆ. ಈ ತೆವಳುವ ಗುಣವನ್ನು ನೆನಪಿನಲ್ಲಿಡಬೇಕು. ಇಂಜಿನು ಓಡುತ್ತಿರುವ ಸ್ವಯಂಚಾಲಿತ ಕಾರು ನಿಂತಂತೆ ತೋರಿದರೂ ಹೊರಡಲು ಸದಾ ಸನ್ನದ್ಧವಾಗಿರುತ್ತದೆ. ಕಟ್ಟಿಹಾಕಿದ ಹೋರಿಯ ಹಗ್ಗ ಬಿಗಿಯಾಗಿದೆಯೇ ಎಂದು ನೋಡುವಂತೆ ಅದರ ಹಗ್ಗವನ್ನೂ ನೋಡಿಕೊಳ್ಳಬೇಕು.

ಆ ಹಗ್ಗವೇ ಗೇರಿನ ಹಿಡಿಯ ಪಕ್ಕದಲ್ಲಿರುವ 'ಪಿ' ಎಂಬ ಅಕ್ಷರ. ಪಾರ್ಕ್, ಅಂದರೆ ನಿಲುಗಡೆ. ಹಿಡಿಯನ್ನು ಅಲ್ಲಿಗೆ ತಂದಾಗ ಗೇರುಪೆಟ್ಟಿಗೆಯೊಳಗೆ ಹಲ್ಲುಚಕ್ರವೊಂದರ ಸಂದಿಗೆ ಉಕ್ಕಿನ ಸಣ್ಣ ಕೊಕ್ಕೆಯೊಂದು ಇಳಿದು ಅದನ್ನು ತಿರುಗದಂತೆ ಹಿಡಿಯುತ್ತದೆ. ಲಾರಿಯ ಹುಡುಗನ ಮರದ ತುಂಡು ಯಂತ್ರದ ಹೊಟ್ಟೆಯೊಳಕ್ಕೆ ಸೇರಿಕೊಂಡ ಬಗೆ ಇದು. ವ್ಯತ್ಯಾಸವಿಷ್ಟೆ: ಮರದ ತುಂಡು ಚಕ್ರದ ಕೆಳಗೆ ಸರಿಯಾಗಿ ಕುಳಿತಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಕೊಕ್ಕೆ ಕುಳಿತಿದೆಯೆಂದು ಹೇಳುವುದು ಅಕ್ಷರ ಮಾತ್ರ. ಮೊದಲ ಹೈಡ್ರಾಮ್ಯಾಟಿಕ್‌ನಲ್ಲಿ ಈ ಪಿ ಇರಲೇ ಇಲ್ಲ. ಇಂಜಿನು ಆರಿಸಿ ಹಿಡಿಯನ್ನು ಹಿನ್ನಡೆಯ ಗೇರಿಗೆ ತಳ್ಳಿ ಇಳಿದುಹೋಗಬೇಕಾಗಿತ್ತು.

ಅಕ್ಷರಗಳ ಅನುಕ್ರಮದಲ್ಲಿಯೂ ಬಹುಕಾಲ ಒಮ್ಮತವಿರಲಿಲ್ಲ. ಕೆಲವು ಕಾರುಗಳಲ್ಲಿ ಹಿನ್ನಡೆಯ 'ಆರ್' ಎಲ್ಲಕ್ಕಿಂತ ಕೊನೆಗೆ, ಮುನ್ನಡೆಯ ತಗ್ಗು ಗೇರಿನ ಮಗ್ಗುಲಲ್ಲೇ ಇರುತ್ತಿತ್ತು. ಕ್ರೈಸ್ಲರ್ ಕಂಪೆನಿಯವರು 1956ರಿಂದ 1964ರವರೆಗೆ ಹಿಡಿಯನ್ನೇ ಕಿತ್ತುಹಾಕಿ ರೇಡಿಯೋದಲ್ಲಿದ್ದಂತಹ ಗುಂಡಿಗಳನ್ನು ಕೂಡಿಸಿದ್ದರು. ಒಂದು ಕಾರಿನಿಂದ ಇನ್ನೊಂದು ಕಾರಿಗೆ ಹೋದವನ ಕೈ ಹಳೆಯ ಅಭ್ಯಾಸದಂತೆ ಚಲಿಸಿ, ಮುಂದೆ ಹೋಗಬೇಕಾದ ಕಾರು ಹಿಂದಕ್ಕೆ ಹಾರಿದ ಪ್ರಸಂಗಗಳು ಹಲವು. ಪ್ರತಿಯೊಂದರಲ್ಲೂ ತಪ್ಪು ಚಾಲಕನದೇ ಎಂದು ಬರೆಯಲಾಗುತ್ತಿತ್ತು. ರಾಲ್ಫ್ ನೇಡರ್ ಎಂಬ ತರುಣ ವಕೀಲ 1965ರಲ್ಲಿ ಪ್ರಕಟಿಸಿದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಗ್ರಂಥದಲ್ಲಿ ಈ ಅಕ್ಷರಗಳ ಗೊಂದಲವನ್ನೂ ಎತ್ತಿಕೊಂಡ. ಕೈ ತಪ್ಪುವಂತೆ ಯಂತ್ರವನ್ನು ಮಾಡಿಟ್ಟು, ತಪ್ಪಿದ ಕೈಯನ್ನು ದೂರುವುದು ಯಾವ ನ್ಯಾಯ ಎಂಬುದು ಅವನ ವಾದದ ತಿರುಳು. ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂದಿತು. 1968ರಿಂದ ಜಾರಿಯಾದ ನಿಯಮವೊಂದು, ಮುನ್ನಡೆಗೂ ಹಿನ್ನಡೆಗೂ ನಡುವೆ ತಟಸ್ಥ ಸ್ಥಾನವೊಂದು ಇರಲೇಬೇಕೆಂದು ವಿಧಿಸಿತು. ಇಂದು ಜಗತ್ತಿನ ಬಹುಪಾಲು ಸ್ವಯಂಚಾಲಿತ ಕಾರುಗಳಲ್ಲಿ ಪಿ, ಆರ್, ಎನ್, ಡಿ ಎಂಬ ಒಂದೇ ವರ್ಣಮಾಲೆ ಕಾಣುವುದಕ್ಕೆ ಇದೂ ಒಂದು ಕಾರಣ. ನಮ್ಮ ಅಕಾರಾದಿಯನ್ನು ಯಾರು ಯಾವಾಗ ನಿಶ್ಚಯಿಸಿದರೆಂದು ಹೇಳುವುದು ಕಷ್ಟ. ಈ ವರ್ಣಮಾಲೆಯ ಹಿಂದಿನ ಜಗಳಕ್ಕೆ ಮಾತ್ರ ದಾಖಲೆಗಳಿವೆ.

ವರ್ಣಮಾಲೆ ಸರಿಹೋಯಿತು, ಆದರೆ ಅಕ್ಷರ ಅಕ್ಷರದ ನಡುವಣ ಖಾಲಿ ಜಾಗವನ್ನು ಯಾರೂ ಗಮನಿಸಿರಲಿಲ್ಲ. ನಾನು ಓದಿದ ಪ್ರಸಂಗಗಳಲ್ಲಿ ನನ್ನನ್ನು ಅತ್ಯಂತ ಕಾಡಿದ್ದು ಇದಕ್ಕೆ ಸಂಬಂಧಿಸಿದುದು.

1970ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಾರುಗಳ ಮಾಲೀಕರಿಂದ ಒಂದೇ ರೀತಿಯ ದೂರುಗಳು ಬರತೊಡಗಿದವು. ಕಾರನ್ನು ಪಿ ಸ್ಥಾನಕ್ಕೆ ತಂದೆ, ಇಂಜಿನು ಓಡುತ್ತಿತ್ತು, ಗ್ಯಾರೇಜಿನ ಬಾಗಿಲು ತೆರೆಯಲೆಂದೋ, ಅಂಚೆಪೆಟ್ಟಿಗೆಯಿಂದ ಕಾಗದ ತೆಗೆಯಲೆಂದೋ, ಹಿಂದಿನ ಡಿಕ್ಕಿಯಿಂದ ಸಾಮಾನು ಇಳಿಸಲೆಂದೋ ಕೆಳಗಿಳಿದೆ. ಕೆಲವು ಕ್ಷಣಗಳ ನಂತರ ಕಾರು ತಾನಾಗಿ ಹಿಂದಕ್ಕೆ ಹೊರಟಿತು. ಉರುಳಿದ್ದಲ್ಲ, ಇಂಜಿನಿನ ಬಲದಿಂದಲೇ ಹೊರಟದ್ದು. ಸಮತಟ್ಟಾದ ನೆಲದಲ್ಲಿಯೂ ಹೀಗಾಯಿತು. ಹಿಂದೆ ನಿಂತವರು ಸಿಕ್ಕಿಕೊಂಡರು. ತೆರೆದ ಬಾಗಿಲು ಬಡಿದು ಬಿದ್ದವರು ಚಕ್ರದಡಿಗೆ ಹೋದರು. ಚಂಗನೆ ಪಕ್ಕಕ್ಕೆ ಹಾರಬಲ್ಲವರು ಉಳಿದುಕೊಂಡರು. ಹಾಗೆ ಹಾರಲಾರದ ಮುದುಕರೂ ಮಕ್ಕಳೂ ಸತ್ತವರಲ್ಲಿ ಹೆಚ್ಚು.

ಕಾರಣ ಹೀಗಿತ್ತು. ಗೇರಿನ ಹಿಡಿ ಪಿ ಮತ್ತು ಆರ್‌ಗಳ ನಡುವಿನ ಒಂದು ಸಂದಿಯಲ್ಲಿ ನಿಂತುಬಿಡಬಹುದಾಗಿತ್ತು. ಕೈಗೆ ಅದು ಪಿ ಎಂದೇ ಅನ್ನಿಸುತ್ತಿತ್ತು, ಕಣ್ಣಿಗೂ ಹಾಗೆಯೇ ಕಾಣುತ್ತಿತ್ತು. ಆದರೆ ಒಳಗೆ ಕೊಕ್ಕೆ ಹಲ್ಲಿಗೆ ಇಳಿದಿರುತ್ತಿರಲಿಲ್ಲ. ಎಣ್ಣೆಯ ಒತ್ತಡ ಯಾವ ಕಡೆಗೂ ವಾಲದೆ ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತಿರುತ್ತಿತ್ತು. ಇಂಜಿನಿನ ಅದುರುವಿಕೆಯೋ, ಬಾಗಿಲನ್ನು ಜೋರಾಗಿ ಮುಚ್ಚಿದ ಆಘಾತವೋ ಆ ಮುಳ್ಳನ್ನು ಕೂದಲೆಳೆಯಷ್ಟು ಆರ್ ಕಡೆಗೆ ತಳ್ಳಿದರೆ ಸಾಕು, ಹಿನ್ನಡೆಯ ಗೇರು ಬಿದ್ದುಬಿಡುತ್ತಿತ್ತು. ಹಿಡಿಯನ್ನು ಪಿಗೆ ತಂದವನು ತನ್ನ ಮಟ್ಟಿಗೆ ಸತ್ಯವನ್ನೇ ಹೇಳುತ್ತಿದ್ದ. 'ಪಿಯಲ್ಲಿದ್ದ ಕಾರು ಚಲಿಸಲು ಸಾಧ್ಯವೇ ಇಲ್ಲ' ಎಂದು ಕಂಪೆನಿಯವರು ಹೇಳಿದ್ದೂ ಒಂದು ಅರ್ಥದಲ್ಲಿ ಸತ್ಯವೇ. ಇಬ್ಬರ ಸತ್ಯಗಳ ನಡುವೆ ಒಂದು ಸಂದಿ ಉಳಿದಿತ್ತು; ಮನುಷ್ಯರು ಸತ್ತದ್ದು ಆ ಸಂದಿಯಲ್ಲಿ.

ಅಮೆರಿಕದ ಹೆದ್ದಾರಿ ಸುರಕ್ಷತೆಯ ಸರ್ಕಾರಿ ಸಂಸ್ಥೆ 1977ರಲ್ಲಿ ತನಿಖೆ ಆರಂಭಿಸಿತು. ನೇಡರನ ಬಳಗದಲ್ಲಿದ್ದ ಜೋನ್ ಕ್ಲೇಬ್ರೂಕ್ ಎಂಬ ಮಹಿಳೆ ಆಗ ಆ ಸಂಸ್ಥೆಯ ಮುಖ್ಯಸ್ಥೆ. ಕಾರಿನ ಮಾಲೀಕರ ದೂರುಗಳನ್ನು ಸಂಗ್ರಹಿಸಿ ಒತ್ತಾಯಿಸುತ್ತಿದ್ದ 'ಸೆಂಟರ್ ಫಾರ್ ಆಟೋ ಸೇಫ್ಟಿ' ಎಂಬ ಬಳಕೆದಾರರ ಸಂಸ್ಥೆ ಹೊರಗಿನಿಂದ ಬೆನ್ನು ಹತ್ತಿತ್ತು. ದಾಖಲೆಗಳಲ್ಲಿ ಸೇರಿದ ದೂರುಗಳು ಸುಮಾರು 23 ಸಾವಿರ. ಅವುಗಳಲ್ಲಿ ಅಪಘಾತಗಳು 6 ಸಾವಿರ, ಗಾಯಗೊಂಡವರು 1,710, ಸತ್ತವರು 98. 1980ರ ಜೂನ್ ತಿಂಗಳಲ್ಲಿ, ದೋಷವಿದೆಯೆಂಬ ಪ್ರಾಥಮಿಕ ನಿರ್ಣಯ ಹೊರಬಿದ್ದಿತು. ಕಾರುಗಳನ್ನು ಹಿಂದಕ್ಕೆ ಕರೆಸಿ ದುರಸ್ತಿ ಮಾಡಿಸಬೇಕೆಂಬ ಆಜ್ಞೆ ಇನ್ನೇನು ಬರಬೇಕು, ಅಷ್ಟರಲ್ಲಿ ಚುನಾವಣೆಯಾಗಿ ಕಾರ್ಟರರ ಸರ್ಕಾರ ಸೋತಿತು. ಅಮೆರಿಕದ ಮೋಟಾರು ಉದ್ಯಮವೂ ಆ ವರ್ಷ ನಷ್ಟದಲ್ಲಿ ಮುಳುಗಿತ್ತು. ಅಧಿಕಾರದ ಕೊನೆಯ ವಾರಗಳಲ್ಲಿ, ಡಿಸೆಂಬರ್ ಮುಗಿಯುವ ಹೊತ್ತಿಗೆ, ಸಾರಿಗೆ ಸಚಿವ ನೀಲ್ ಗೋಲ್ಡ್‌ಶ್ಮಿಟ್ ಕಂಪೆನಿಯೊಡನೆ ಒಂದು ರಾಜಿಗೆ ಬಂದರು. ದೋಷವನ್ನು ಕಂಪೆನಿ ಒಪ್ಪಿಕೊಳ್ಳಲಿಲ್ಲ. ದುರಸ್ತಿಯೂ ಇಲ್ಲ. ಅದಕ್ಕೆ ಬದಲಾಗಿ ಸುಮಾರು 2 ಕೋಟಿ 30 ಲಕ್ಷ ಮಾಲೀಕರಿಗೆ ಅಂಚೆಯ ಮೂಲಕ ಒಂದು ಅಂಟುಚೀಟಿಯನ್ನು ಕಳಿಸುವುದೆಂದು ತೀರ್ಮಾನವಾಯಿತು. ಇಳಿಯುವ ಮುನ್ನ ಹಿಡಿಯನ್ನು ಪಿಗೆ ಸರಿಯಾಗಿ ತಂದಿದ್ದೀರೋ ನೋಡಿಕೊಳ್ಳಿ, ಕೈಬ್ರೇಕನ್ನು ಪೂರ್ತಿ ಎಳೆಯಿರಿ, ಇಂಜಿನನ್ನು ಆರಿಸಿ ಎಂಬುದು ಅದರ ಸಾರಾಂಶ.

ಈ ಅಂಟುಚೀಟಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅದರಲ್ಲಿ ಬರೆದಿದ್ದ ಮಾತುಗಳಲ್ಲಿ ಒಂದೂ ತಪ್ಪಲ್ಲ. ಮೂರನ್ನೂ ತಪ್ಪದೆ ಪಾಲಿಸಿದ್ದರೆ ಯಾರೂ ಸಾಯುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ವಿದ್ಯುತ್ ಹರಿಯುತ್ತಿದ್ದರೆ ಗೋಡೆಯನ್ನು ಮುಟ್ಟಬೇಡಿ ಎನ್ನುವುದೂ ಸರಿಯಾದ ಸಲಹೆಯೇ. ಆದರೆ ಅಂಟುಚೀಟಿ ಒಂದು ಕೆಲಸವನ್ನು ಮೌನವಾಗಿ ಮಾಡಿಬಿಡುತ್ತದೆ: ಅದನ್ನು ಅಂಟಿಸಿದ ಕ್ಷಣದಿಂದ ಹೊಣೆ ಕಾರ್ಖಾನೆಯಿಂದ ಹೊರಟು ಓದುಗನ ಹೆಗಲಿಗೆ ಬರುತ್ತದೆ. ನಾವು ಓದಿನ ಮಂದಿ, ಅಕ್ಷರದ ಶಕ್ತಿಯನ್ನು ಹೊಗಳುವವರು. ಉಕ್ಕಿನ ಒಂದು ತುಂಡನ್ನು ತಿದ್ದುವ ಬದಲು ಅಕ್ಷರಗಳನ್ನು ಅಚ್ಚುಹಾಕಿಸಿ ಹಂಚಿದ ಇಂತಹ ಇನ್ನೊಂದು ಉದಾಹರಣೆ ನನಗೆ ತಿಳಿಯದು. ಎರಡನೆಯ ಕೈಯಿಂದ ಮೂರನೆಯ ಕೈಗೆ ಹೋದ ಕಾರುಗಳ ಒಡೆಯರಿಗೆ ಆ ಚೀಟಿ ತಲುಪಿತೋ ಇಲ್ಲವೋ. ತಲುಪಿದವರಲ್ಲಿ ಎಷ್ಟು ಮಂದಿ ಅಂಟಿಸಿಕೊಂಡರೋ. ಸಾವುಗಳ ವರದಿಗಳಂತೂ ನಿಲ್ಲಲಿಲ್ಲ. ಪ್ರಕರಣವನ್ನು ಮತ್ತೆ ತೆರೆಯಬೇಕೆಂದು ಬಳಕೆದಾರರ ಸಂಸ್ಥೆ ಕೇಳಿಕೊಂಡಾಗ, 1985ರಲ್ಲಿ ಸರ್ಕಾರ ನಿರಾಕರಿಸಿತು.

ಇಲ್ಲಿಗೆ ನಿಲ್ಲಿಸಿದರೆ ಮಾಲೀಕನು ಹೇಳಿದ್ದೆಲ್ಲ ನಿಜ, ಕಂಪೆನಿ ಹೇಳಿದ್ದೆಲ್ಲ ಸುಳ್ಳು ಎಂಬ ಸರಳವಾದ ಕಥೆಯಾಗುತ್ತದೆ. ಆದರೆ ಇದಾದ ಕೆಲವೇ ವರ್ಷಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಸಂಗವೊಂದು ನಡೆಯಿತು. ಅದನ್ನು ಮುಚ್ಚಿಟ್ಟರೆ ನಾನೂ ಅಂಟುಚೀಟಿಯವರ ಸಾಲಿಗೆ ಸೇರಿದಂತಾದೀತು.

ಜರ್ಮನಿಯ ಆಡಿ ಕಂಪೆನಿ ಅಮೆರಿಕದಲ್ಲಿ ಮಾರುತ್ತಿದ್ದ 'ಆಡಿ 5000' ಎಂಬ ಕಾರಿನ ಮೇಲೆ, ಅದು ತಾನಾಗಿ ನುಗ್ಗುತ್ತದೆಯೆಂಬ ಆರೋಪ ಬಂದಿತು. ಹಿಡಿಯನ್ನು ಪಿಯಿಂದ ತೆಗೆದು ಡಿಗೋ ಆರ್‌ಗೋ ತಂದ ಕೂಡಲೇ ಕಾರು ಪೂರ್ಣ ವೇಗದಿಂದ ಹಾರಿತು, ಬ್ರೇಕನ್ನು ಎಷ್ಟು ತುಳಿದರೂ ನಿಲ್ಲಲಿಲ್ಲ ಎಂದು ಮಾಲೀಕರು ಹೇಳಿದರು. 1986ರ ನವೆಂಬರಿನಲ್ಲಿ ಸಿಬಿಎಸ್ ದೂರದರ್ಶನದ '60 ಮಿನಿಟ್ಸ್' ಕಾರ್ಯಕ್ರಮ ಇದನ್ನು ಮನೆಮನೆಗೆ ತಲುಪಿಸಿತು. ಮಕ್ಕಳನ್ನು ಕಳೆದುಕೊಂಡವರ ದುಃಖವನ್ನು ಕಂಡ ಮೇಲೆ ಯಾರಿಗೆ ತಾನೆ ಸಂಶಯ ಉಳಿದೀತು? ಪೆಡಲು ತಾನಾಗಿ ಕೆಳಗಿಳಿಯುವುದನ್ನೂ ತೋರಿಸಲಾಯಿತು; ಅದಕ್ಕಾಗಿ ಗೇರುಪೆಟ್ಟಿಗೆಗೆ ರಂಧ್ರ ಕೊರೆದು ಹೊರಗಿನಿಂದ ಒತ್ತಡದ ಗಾಳಿಯನ್ನು ಹಾಯಿಸಲಾಗಿತ್ತೆಂಬುದು ಆಮೇಲೆ ತಿಳಿದ ಸಂಗತಿ. 1985ರಲ್ಲಿ ಅಮೆರಿಕದಲ್ಲಿ 74 ಸಾವಿರ ಕಾರುಗಳನ್ನು ಮಾರಿದ್ದ ಕಂಪೆನಿ 1991ರಲ್ಲಿ ಮಾರಿದ್ದು 12 ಸಾವಿರವನ್ನು. ಸರ್ಕಾರದ ತಜ್ಞರು ದೀರ್ಘವಾಗಿ ಪರೀಕ್ಷಿಸಿ 1989ರಲ್ಲಿ ವರದಿ ಕೊಟ್ಟರು. ಬ್ರೇಕೆಂದು ಭಾವಿಸಿ ಚಾಲಕರು ವೇಗದ ಪೆಡಲನ್ನು ತುಳಿದಿದ್ದರು ಎಂಬುದು ಅವರ ನಿರ್ಣಯ. ಇಂಜಿನಿನ ಮಂದಗತಿಯನ್ನು ಕಾಯುವ ಸಾಧನ ಕೆಟ್ಟಾಗ ಕಾರು ಒಮ್ಮೆ ಸಣ್ಣಗೆ ಜಿಗಿಯುತ್ತಿತ್ತು, ಬೆಚ್ಚಿದ ಚಾಲಕ ಕಾಲನ್ನು ಇನ್ನಷ್ಟು ಒತ್ತುತ್ತಿದ್ದ, ಒತ್ತಿದ್ದು ಬ್ರೇಕನ್ನಲ್ಲ.

ಈ ವರದಿಯನ್ನು ಓದಿದಾಗ ನನಗೆ ಅಯ್ಯೋ ಎನ್ನಿಸಿತು. ಆ ಮಾಲೀಕರು ಸುಳ್ಳು ಹೇಳಲಿಲ್ಲ. ಬ್ರೇಕನ್ನು ತುಳಿದೆನೆಂದೇ ಅವರು ನಂಬಿದ್ದರು. ತಮ್ಮ ಕಾಲು ತಮಗೇ ಸುಳ್ಳು ಹೇಳಬಹುದೆಂದು ಯಾರು ಒಪ್ಪುತ್ತಾರೆ? ಅದರಲ್ಲಿಯೂ ಆ ಕಾಲು ತನ್ನ ಮಗುವಿನ ಮೇಲೆಯೇ ಕಾರನ್ನು ಹಾಯಿಸಿದ್ದಾಗ?

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತಪ್ಪು ಕಾಲಿನದೆಂದು ಗೊತ್ತಾದರೂ ಪರಿಹಾರ ಬಂದದ್ದು ಯಂತ್ರದಿಂದಲೇ. ಬ್ರೇಕಿನ ಮೇಲೆ ಕಾಲಿಟ್ಟ ಹೊರತು ಹಿಡಿ ಪಿಯಿಂದ ಕದಲದಂತೆ ಮಾಡುವ ಒಂದು ಬೀಗವನ್ನು ಆಡಿ ಕಂಪೆನಿ ತನ್ನ ಕಾರುಗಳಿಗೆ ಹಾಕಿಸಿತು. ಕಾಲು ಬ್ರೇಕಿನ ಮೇಲೆ ಇರಲೇಬೇಕೆಂದಾದಾಗ ಬೇರೆಡೆ ಇರುವ ಪ್ರಶ್ನೆಯೇ ಇಲ್ಲ. ಎಷ್ಟು ಸರಳವಾದ ಉಪಾಯ! ಇತರ ಕಂಪೆನಿಗಳೂ ಅದನ್ನು ಅನುಸರಿಸಿದವು. 2008ರಲ್ಲಿ, ಹಿಂದಕ್ಕೆ ಬಂದ ಕಾರಿಗೆ ಸಿಕ್ಕಿ ಸತ್ತ ಮಗುವೊಂದರ ಹೆಸರಿನಲ್ಲಿ ಅಮೆರಿಕ ಮಾಡಿದ ಕಾನೂನು, 2010ರ ಸೆಪ್ಟೆಂಬರಿನಿಂದ ತಯಾರಾಗುವ ಸ್ವಯಂಚಾಲಿತ ಕಾರುಗಳಿಗೆಲ್ಲ ಈ ಬೀಗವನ್ನು ಕಡ್ಡಾಯಗೊಳಿಸಿತು. ಕಾರಣವನ್ನು ತಪ್ಪಾಗಿ ಹೇಳಿದ ದೂರಿನಿಂದಲೂ ಜೀವ ಉಳಿಸುವ ಸಾಧನ ಹುಟ್ಟಿತು. ದೂರಿತ್ತವರು ಹೇಳಿದ ಕಾರಣವನ್ನು ನಂಬದಿದ್ದರೂ ಅವರು ಅನುಭವಿಸಿದ ಭಯವನ್ನು ನಂಬಿದ ಫಲ ಇದು.

ಪಾಠಗಳನ್ನು ಕಲಿತವರು ಮರೆಯುವುದೂ ಉಂಟು. ಫಿಯೆಟ್ ಕ್ರೈಸ್ಲರ್ ಸಂಸ್ಥೆ ಕೆಲವು ಕಾರುಗಳಿಗೆ ಹೊಸ ಬಗೆಯ ಹಿಡಿಯೊಂದನ್ನು ಕೂಡಿಸಿತು. ಯಾವ ಕಡೆಗೆ ತಳ್ಳಿದರೂ ಅದು ಮರಳಿ ನಡುವಿಗೇ ಬಂದು ನಿಲ್ಲುತ್ತಿತ್ತು. ಗೇರು ಯಾವುದೆಂಬುದನ್ನು ಸಣ್ಣ ದೀಪ ಮಾತ್ರ ಹೇಳುತ್ತಿತ್ತು. ಪಿಗೆ ತಂದೆವೆಂದುಕೊಂಡು ಜನ ಇಳಿದರು, ಕಾರು ಉರುಳಿತು. 2016ರ ಏಪ್ರಿಲಿನಲ್ಲಿ ಕಂಪೆನಿ ಇಂತಹ 11 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯುವುದಾಗಿ ಪ್ರಕಟಿಸಿತು. ಜೂನಿನಲ್ಲಿ ಆಂಟನ್ ಎಲ್ಚಿನ್ ಎಂಬ 27 ವರ್ಷದ ನಟ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರಿನಲ್ಲಿ, ಹಿಂದಕ್ಕೆ ಉರುಳಿದ ತನ್ನದೇ ಕಾರಿಗೂ ಇಟ್ಟಿಗೆಯ ಕಂಬಕ್ಕೂ ನಡುವೆ ಸಿಕ್ಕಿ ಸತ್ತ. ಆ ಕಾರು ಹಿಂದಕ್ಕೆ ಕರೆಯಲ್ಪಟ್ಟ ಮಾದರಿಗಳಲ್ಲಿ ಒಂದಾಗಿತ್ತು.

ಇಷ್ಟೆಲ್ಲವನ್ನೂ ನಾನು ಹುಡುಕಿ ಓದುವಂತೆ ಮಾಡಿದ ನುಡಿಗಟ್ಟೊಂದಿದೆ: 'ಚಾಲನೆಯ ಶೈಲಿ'. ಶೈಲಿ ಎಂಬ ಪದವನ್ನು ನಾನು ಮೂವತ್ತು ವರ್ಷ ತರಗತಿಗಳಲ್ಲಿ ಬಳಸಿದ್ದೇನೆ. ಪಂಪನ ಶೈಲಿ, ಹರಿಹರನ ಶೈಲಿ, ಮುದ್ದಣನ ಶೈಲಿ. ನನಗೂ ಒಂದು ಶೈಲಿ ಇದೆಯೆಂದು ಮೊದಲ ಬಾರಿಗೆ ಹೇಳಿದವನು ಮೋಟಾರು ದುರಸ್ತಿಯ ಕೇಂದ್ರದ ಒಬ್ಬ ತರುಣ.

ನನ್ನ ಕಾರು ಮೇಲೆ ಹೇಳಿದ ಎಣ್ಣೆಯ ಬೀಸಣಿಗೆಯ ಜಾತಿಯದಲ್ಲ. ನಮ್ಮ ದೇಶದಲ್ಲಿ 2014ರಿಂದೀಚೆಗೆ ಬಳಕೆಗೆ ಬಂದ ಅಗ್ಗದ ಬಗೆಯದು. ಅದರಲ್ಲಿರುವುದು ಹಳೆಯ ಗೇರುಪೆಟ್ಟಿಗೆಯೇ, ಹಳೆಯ ಕ್ಲಚ್ಚೇ. ಮನುಷ್ಯನ ಎಡಗಾಲಿನ ಕೆಲಸವನ್ನು ಒಂದು ಸಣ್ಣ ಯಂತ್ರ ಗಣಕದ ಆಜ್ಞೆಯಂತೆ ಮಾಡುತ್ತದೆ. ಅದರಲ್ಲಿ ಪಿ ಎಂಬ ಅಕ್ಷರವಿಲ್ಲ. 1940ರ ಓಲ್ಡ್ಸ್‌ಮೊಬೈಲಿನಂತೆಯೇ ಗೇರಿನಲ್ಲಿ ಬಿಟ್ಟು, ಕೈಬ್ರೇಕೆಳೆದು ಇಳಿಯಬೇಕು. ತೆವಳುವ ಗುಣವೂ ಅದಕ್ಕೆ ಅಷ್ಟಕ್ಕಷ್ಟೆ. ಏರಿನಲ್ಲಿ ಬ್ರೇಕು ಬಿಟ್ಟಾಗ ಕ್ಲಚ್ಚು ಹಿಡಿಯುವುದಕ್ಕೆ ಒಂದು ಕ್ಷಣ ಬೇಕು. ಆ ಕ್ಷಣದಲ್ಲಿ ಕಾರು ಹಿಂದಕ್ಕೆ ಸರಿಯುವುದು ಸಹಜ. ಇದನ್ನು ನನಗೆ ಮೊದಲೇ ಹೇಳಿದ್ದರು. ಆದರೆ ಎರಡು ವರ್ಷ ಸರಿಯಾಗಿದ್ದ ಕಾರಿನಲ್ಲಿ ಆ ಒಂದು ಕ್ಷಣ ಬೆಳೆಯತೊಡಗಿತು. ಪೆಡಲು ಒತ್ತಿದರೆ ಇಂಜಿನು ಗರ್ಜಿಸುವುದು, ಕಾರು ಕದಲದಿರುವುದು ಅಥವಾ ಹಿಂದಕ್ಕೆ ಜಾರುವುದು, ಆಮೇಲೆ ಫಕ್ಕನೆ ಮುಂದಕ್ಕೆ ಜಿಗಿಯುವುದು. ಪ್ರತಿದಿನವೂ ಅಲ್ಲ, ಹತ್ತು ಸಲಕ್ಕೆ ಒಂದು ಸಲ. ಒಂದು ಸಂಜೆ ರೈಲ್ವೆ ಗೇಟಿನ ಮುಂದಿನ ಏರಿನಲ್ಲಿ ಹೀಗೆ ನಾಲ್ಕೈದು ಅಡಿ ಹಿಂದಕ್ಕೆ ಹೋದಾಗ, ಹೂವಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಡಿಕ್ಕಿಯ ಮೇಲೆ ಅಂಗೈಯಿಂದ ಬಡಿದ ಸದ್ದು ಕೇಳಿಸಿತು. ಅವಳಿಗೆ ಏನೂ ಆಗಲಿಲ್ಲ. 'ಕಣ್ಣು ಕಾಣಲ್ವಾ ಸ್ವಾಮಿ' ಎಂದಷ್ಟೇ ಹೇಳಿ ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದುರಸ್ತಿ ಕೇಂದ್ರಕ್ಕೆ ಮೂರು ಸಲ ಕೊಂಡೊಯ್ದೆ. ಮೂರು ಸಲವೂ ಕಾರು, ಹೆಡ್‌ಮಾಸ್ತರರ ಎದುರು ನಿಂತ ತುಂಟ ಹುಡುಗನಂತೆ ಪರಮ ಸಾಧುವಾಗಿ ನಡೆದುಕೊಂಡಿತು. 'ಗಾಡಿಯಲ್ಲಿ ಏನೂ ಇಲ್ಲ ಸಾರ್, ಇದು ನಿಮ್ಮ ಚಾಲನೆಯ ಶೈಲಿ' ಎಂದ ಆ ತರುಣ. ಮಾತಿನಲ್ಲಿ ಅಗೌರವವಿರಲಿಲ್ಲ. ನನ್ನ ನರೆಗೂದಲನ್ನೂ ಕೈಯಲ್ಲಿದ್ದ ಕೋಲನ್ನೂ ಅವನ ಕಣ್ಣು ಒಮ್ಮೆ ಸವರಿತು, ಅಷ್ಟೆ. ಮನೆಯಲ್ಲಿಯೂ ಅದೇ ನೋಟ ಆರಂಭವಾಯಿತು. ಕಾರಿನ ಬೀಗದ ಕೈ ಮೊಳೆಯಿಂದ ಮಾಯವಾಗಿ ಮಗನ ಜೇಬನ್ನು ಸೇರಿತು. ಯಾರೂ ಏನೂ ಹೇಳಲಿಲ್ಲ. ನನಗೂ ಅನುಮಾನ ಬಂದಿತು. ಆಡಿ ಕಾರಿನವರ ಕಾಲು ಸುಳ್ಳು ಹೇಳಿದಂತೆ ನನ್ನ ಕಾಲೂ ಹೇಳುತ್ತಿರಬಾರದೇಕೆ? ವಯಸ್ಸಾದವನಿಗೆ ಯಂತ್ರದ ದೋಷವನ್ನು ಸಾಬೀತುಪಡಿಸುವುದಕ್ಕಿಂತ ಮೊದಲು ತನ್ನನ್ನೇ ಸಾಬೀತುಪಡಿಸಬೇಕಾದ ಕಷ್ಟವಿದೆ.

ಆಸ್ಟ್ರೇಲಿಯದ ಸಂಗತಿ ಕಣ್ಣಿಗೆ ಬಿದ್ದದ್ದು ಆ ದಿನಗಳಲ್ಲಿ. ಫೋರ್ಡ್ ಕಂಪೆನಿಯ ಆಸ್ಟ್ರೇಲಿಯ ಶಾಖೆ 2011ರಿಂದ ಸುಮಾರು ಐದು ವರ್ಷಗಳ ಕಾಲ 'ಪವರ್‌ಶಿಫ್ಟ್' ಎಂಬ ಜೋಡಿ ಕ್ಲಚ್ಚಿನ ಗೇರುಪೆಟ್ಟಿಗೆಯಿದ್ದ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳನ್ನು ಮಾರಿತು. ಕೊನೆಯದು ನಮ್ಮ ಚೆನ್ನೈ ಬಳಿಯ ಕಾರ್ಖಾನೆಯಿಂದ ಹೋದದ್ದು. ಹೊರಡುವಾಗ ನಡುಗುವುದು, ತಡವರಿಸುವುದು, ರಸ್ತೆಯ ನಡುವೆ ಬಲ ಕಳೆದುಕೊಳ್ಳುವುದು ಮೊದಲಾದ ದೂರುಗಳು ಸಾವಿರಗಟ್ಟಲೆ ಬಂದವು. ದೋಷವಿರುವುದು ಕಂಪೆನಿಗೆ 2013ರಷ್ಟು ಹಿಂದೆಯೇ ತಿಳಿದಿತ್ತು. ಹಾಗಿದ್ದೂ, ನಡುಕಕ್ಕೆ ಕಾರಣ ಚಾಲಕರ ಚಾಲನೆಯ ಶೈಲಿ ಎಂದು ಅದು ಗ್ರಾಹಕರಿಗೆ ಹೇಳುತ್ತ ಹೋಯಿತು. ಅಲ್ಲಿನ ಗ್ರಾಹಕ ಆಯೋಗ ಮೊಕದ್ದಮೆ ಹೂಡಿತು. 2018ರ ಏಪ್ರಿಲಿನಲ್ಲಿ ಫೆಡರಲ್ ನ್ಯಾಯಾಲಯ, ಈ ನಡವಳಿಕೆ ಆತ್ಮಸಾಕ್ಷಿಗೆ ವಿರುದ್ಧವಾದುದೆಂದು ಹೇಳಿ ಒಂದು ಕೋಟಿ ಡಾಲರುಗಳ ದಂಡ ವಿಧಿಸಿತು. ದಂಡ ಬಿದ್ದದ್ದು ಗೇರುಪೆಟ್ಟಿಗೆಯ ದೋಷಕ್ಕಲ್ಲ ಎಂಬುದನ್ನು ಗಮನಿಸಬೇಕು. ದೋಷ ಯಾರು ಮಾಡಿದ ಯಂತ್ರದಲ್ಲಾದರೂ ಬರಬಹುದು. ದೂರು ತಂದವರಿಗೆ ಕೊಟ್ಟ ಉತ್ತರಕ್ಕೆ ದಂಡ ಬಿತ್ತು. ಆ ಕಾರುಗಳು ಸ್ವೀಕಾರಾರ್ಹ ಗುಣಮಟ್ಟದವಲ್ಲವೆಂಬ ತೀರ್ಪು ಬೇರೆಯೊಂದು ಮೊಕದ್ದಮೆಯಲ್ಲಿ 2021ರಲ್ಲಿ ಬಂದಿತು.

ಸಮುದ್ರದಾಚೆಯ ಅಪರಿಚಿತರಿಗೂ ಅದೇ ಎರಡು ಪದಗಳನ್ನು ಹೇಳಿದ್ದರೆಂದು ಓದಿದಾಗ ನನಗಾದ ಸಮಾಧಾನವನ್ನು ವರ್ಣಿಸಲಾರೆ. ನನ್ನ ಕಾರು ಬೇರೆ, ಕಂಪೆನಿ ಬೇರೆ, ಯಂತ್ರದ ಬಗೆಯೂ ಬೇರೆ. ಆದ್ದರಿಂದ ತಾರ್ಕಿಕವಾಗಿ ನನ್ನ ಪರವಾಗಿ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಒಂದು ನೋಟುಪುಸ್ತಕವನ್ನು ಕೊಂಡುತಂದೆ. ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಓಡಿಸುವುದು, ಕಾರು ಜಾರಿದಾಗಲೆಲ್ಲ ದಿನಾಂಕ, ಹೊತ್ತು, ಸ್ಥಳ, ಏರು ಎಷ್ಟು, ಇಂಜಿನು ಹೊರಟು ಎಷ್ಟು ನಿಮಿಷವಾಗಿತ್ತು, ಕಾರಿನೊಳಗೆ ಎಷ್ಟು ಜನ ಎಂಬುದನ್ನೆಲ್ಲ ಬರೆದಿಡುವುದು. ಶಾಲೆಯ ಹಾಜರಿ ಪುಸ್ತಕವನ್ನು ಬರೆದ ಕೈಗೆ ಇದು ಕಷ್ಟವಾಗಲಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಒಂದು ಕ್ರಮ ಕಾಣಿಸಿತು: ಬಿಸಿಲಿನಲ್ಲಿ, ದಟ್ಟಣೆಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಂತು ಹೊರಟು ಮಾಡಿದ ಮೇಲೆಯೇ ಕಾರು ಜಾರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ, ತಣ್ಣಗಿದ್ದ ಕಾರನ್ನು ದುರಸ್ತಿ ಕೇಂದ್ರಕ್ಕೆ ಒಯ್ದರೆ ಅದು ಸಾಧುವಾಗಿರದೆ ಇನ್ನೇನು ಮಾಡೀತು? ಮಗ ಓಡಿಸಿದ ದಿನವೂ ಅದು ಜಾರಿತೆಂದು ಆರನೆಯ ಪುಟದಲ್ಲಿದೆ. ಆ ಪುಟವನ್ನು ಬರೆದವನು ಮಗನೇ. ಬೀಗದ ಕೈ ಅಂದೇ ಮೊಳೆಗೆ ಮರಳಿತು.

ನಮ್ಮಲ್ಲಿಯೂ ಕಾನೂನಿಲ್ಲವೆಂದಲ್ಲ. ಬಳಕೆದಾರರ ರಕ್ಷಣೆಯ ಕಾನೂನು 1986ರಲ್ಲಿ ಬಂದು 2019ರಲ್ಲಿ ಹೊಸ ರೂಪ ತಾಳಿತು. ಅದೇ 2019ರಲ್ಲಿ ಮೋಟಾರು ವಾಹನ ಕಾನೂನಿಗೆ ಆದ ತಿದ್ದುಪಡಿಯ ಪ್ರಕಾರ, ಒಂದು ಮಾದರಿಯ ವಾಹನದ ಮೇಲೆ ನಿಗದಿಪಡಿಸಿದ ಪ್ರಮಾಣದಷ್ಟು ಮಾಲೀಕರು ದೂರಿತ್ತರೆ ಅದನ್ನು ಹಿಂದಕ್ಕೆ ಕರೆಸುವಂತೆ ಸರ್ಕಾರ ಆಜ್ಞೆ ಮಾಡಬಹುದು. ಅಂದರೆ ಇಲ್ಲಿಯೂ ಎಣಿಕೆಗೆ ಬರುವುದು ಬರೆದುಕೊಟ್ಟ ದೂರು ಮಾತ್ರ. ನಾವು ಬಯ್ದುಕೊಂಡು ಸುಮ್ಮನಾಗುವ ಜನ. ಮಾರಿಬಿಡುವುದು ನಮ್ಮ ಇನ್ನೊಂದು ಉಪಾಯ; ಏನೂ ಅರಿಯದ ಇನ್ನೊಬ್ಬನ ಅಂಗಳದಲ್ಲಿ ಕಾರು ಜಾರಲಿ ಎಂದು ಹಾರೈಸಿದಂತೆ ಅದು. ನನಗೂ ಹಾಗೆ ಮಾಡುವಂತೆ ಇಬ್ಬರು ಸ್ನೇಹಿತರು ಸಲಹೆಯಿತ್ತಿದ್ದರು.

ನೋಟುಪುಸ್ತಕವನ್ನು ಹಿಡಿದು ನಾಲ್ಕನೆಯ ಸಲ ಹೋದದ್ದು ಮಧ್ಯಾಹ್ನ ಎರಡು ಗಂಟೆಗೆ, ಮುಕ್ಕಾಲು ಗಂಟೆ ಊರೊಳಗೆ ಸುತ್ತಿದ ಮೇಲೆ. ತರುಣ ಪುಸ್ತಕವನ್ನು ನಿಂತುಕೊಂಡೇ ತೆರೆದ. ಎರಡು ಪುಟ ಓದಿ ಕುಳಿತುಕೊಂಡ. ಆಮೇಲೆ ತಾನೇ ಕಾರನ್ನು ಹಿಂದಿನ ಬೀದಿಯ ಏರಿಗೆ ಒಯ್ದ. ಹತ್ತು ನಿಮಿಷದ ನಂತರ ಮರಳಿದಾಗ ಅವನ ಮುಖದ ಮೇಲಿದ್ದ ಭಾವ ನನಗೆ ಪರಿಚಿತವಾದುದು. ಉತ್ತರಪತ್ರಿಕೆಯಲ್ಲಿ ಅಂಕ ಕೂಡಿಸುವುದರಲ್ಲಿ ತಪ್ಪಾಗಿದೆಯೆಂದು ವಿದ್ಯಾರ್ಥಿ ತೋರಿಸಿದಾಗ ನನ್ನ ಮುಖದ ಮೇಲೂ ಅದು ಬಂದದ್ದುಂಟು. 'ಪುಸ್ತಕ ಎರಡು ದಿನ ಇಲ್ಲೇ ಇರಲಿ ಸಾರ್, ಇನ್ನೂ ನಾಲ್ಕು ಗಾಡಿ ಹೀಗೇ ಬಂದಿವೆ' ಎಂದ.

ಮೂರು ವಾರಗಳಲ್ಲಿ ಕ್ಲಚ್ಚನ್ನು ಒತ್ತುವ ಆ ಸಣ್ಣ ಯಂತ್ರವನ್ನು ಬದಲಿಸಿಕೊಟ್ಟರು. ಹಣ ಕೇಳಲಿಲ್ಲ. ಬಿಲ್ಲಿನಲ್ಲಿ ದೋಷದ ಕಾರಣವನ್ನು ಬರೆಯುವ ಅಂಕಣ ಖಾಲಿಯಾಗಿತ್ತು. ಅದನ್ನು ತುಂಬಿಕೊಡಿ ಎಂದು ಕೇಳಿದೆ. ತರುಣ ಪೆನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಯೋಚಿಸಿ, ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬರುವುದಾಗಿ ಹೇಳಿದ. ಮಳೆ ಬರುವಂತಿತ್ತು, ಅರ್ಧ ಗಂಟೆ ಕಾದು ಹೊರಟುಬಂದೆ. ಏರಿನಲ್ಲಿ ಈಗ ಕಾರು ಜಾರುತ್ತಿಲ್ಲ. ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿನಲ್ಲಿ ಬಿಟ್ಟು, ಕೈಬ್ರೇಕೆಳೆದು, ಇಂಜಿನು ಆರಿಸಿ ಇಳಿಯುತ್ತೇನೆ. ಆಮೇಲೆ ಮೊಮ್ಮಗ ಹಿಂದಿನ ಚಕ್ರಕ್ಕೆ ಒಂದು ಕಲ್ಲನ್ನು ಒಡ್ಡಿ 'ರೈಟ್' ಎನ್ನುತ್ತಾನೆ.